ಚಳಿಗೆ ಮರಗಟ್ಟಿದ ಬೆರಳೂ ಚಿತ್ರದಲ್ಲಿರಲಿ

ಕೈಯ ರಕ್ತನಾಳ ನೋಡಿ ಗುರುತು ಹಿಡಿಯುವ ಮೆಷಿನ್‌ಗೆ ಕಲಿಸುವ ಕೃತಕ ಚಿತ್ರಗಳ ಬಗ್ಗೆ, ಕೊಡಗಿನ ಗೋಣಿಕೊಪ್ಪಲಿನಲ್ಲಿ ವಿದ್ಯಾರ್ಥಿಗಳು, ಬೆಳೆಗಾರರು, ಶಿಕ್ಷಕರು ಸೇರಿದ್ದ ಸಭೆಯಲ್ಲಿ ಆಡಿದ ಮಾತಿನ ಬರಹ ರೂಪ ಇದು. ಪರದೆಯ ಮೇಲೆ ತೋರಿಸಿದ್ದನ್ನು ಇಲ್ಲಿ ಮಾತಿನಲ್ಲಿ ವಿವರಿಸಿದ್ದೇನೆ. ಪ್ರಶ್ನೋತ್ತರದಲ್ಲಿ ಕೆಲವನ್ನು ಮಾತ್ರ ಉಳಿಸಿಕೊಂಡಿದ್ದೇನೆ.

ಎಲ್ಲರಿಗೂ ನಮಸ್ಕಾರ.

ನ್ಯಾಯಬೆಲೆ ಅಂಗಡಿಯ ಸಾಲಿನಲ್ಲಿ ನಿಂತವರಿಗೆ ಈ ಮಾತು ಹೊಸದಲ್ಲ. ಹೆಬ್ಬೆಟ್ಟು ಇಡಿ ಅಂತಾರೆ. ಮೆಷಿನ್ ತಗೊಳ್ಳುವುದಿಲ್ಲ. ಒರೆಸಿ ಇಡಿ ಅಂತಾರೆ. ಬೇರೆ ಬೆರಳು ಇಡಿ ಅಂತಾರೆ. ಹಿಂದೆ ನಿಂತವರು ಗೊಣಗಲು ಶುರು ಮಾಡುತ್ತಾರೆ. ತೋಟದಲ್ಲಿ ಕೆಲಸ ಮಾಡುವವರಿಗೆ ಇದು ಜಾಸ್ತಿ ಆಗುತ್ತದೆ. ಕಾರಣ ಸರಳ. ಕಾಫಿ ಹಣ್ಣು ಕೊಯ್ಯುವುದು ಹೆಬ್ಬೆರಳು ಮತ್ತು ತೋರುಬೆರಳಿನಿಂದ. ಮೆಷಿನ್ ಕೇಳುವುದೂ ಅವೇ ಬೆರಳುಗಳನ್ನು. ದಿನವಿಡೀ ಗೆಲ್ಲು ಹಿಡಿದು, ಹಣ್ಣು ತಿರುವಿ ತಿರುವಿ, ಬೆರಳ ತುದಿಯ ಗೆರೆಗಳು ಸವೆಯುತ್ತವೆ. ಅದರ ಮೇಲೆ ಕಪ್ಪು ಅಂಟು ಕೂತಿರುತ್ತದೆ. ಕಪಾತು ಮಾಡುವವರ, ಕಳೆ ತೆಗೆಯುವವರ, ಗಾರೆ ಕೆಲಸದವರ ಕೈಯೂ ಹಾಗೆಯೇ.

ಆಧಾರ್‌ನಲ್ಲಿ ಬೆರಳಚ್ಚಿನ ಜೊತೆ ಕಣ್ಣಿನ ಪಾಪೆ, ಮುಖ ಕೂಡ ಇದೆ. ಒಟಿಪಿ ಇದೆ. ಆದರೆ ಆದಿವಾಸಿಗಳ ಹಾಡಿಯಿಂದ ಬರುವ ಒಬ್ಬ ಅಜ್ಜಿಗೆ ಒಟಿಪಿ ಅಂದರೆ ಮಗನ ಮೊಬೈಲು, ಮತ್ತು ಮಗ ಕೆಲಸಕ್ಕೆ ಹೋಗಿರುತ್ತಾನೆ. ಹಾಗಾಗಿ ಚರ್ಮದ ಮೇಲಿನ ಗೆರೆಯನ್ನು ಬಿಟ್ಟು ಚರ್ಮದ ಒಳಗಿನ ರಕ್ತನಾಳವನ್ನು ನೋಡಿದರೆ ಹೇಗೆ ಎನ್ನುವ ಪ್ರಶ್ನೆ ನನಗೆ ಬಹಳ ಮುಖ್ಯ ಅನಿಸುತ್ತದೆ. ಒಳಗಿರುವುದು ಸವೆಯುವುದಿಲ್ಲ ಅಲ್ವಾ?

ನಾನು ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಇಮೇಜ್ ಪ್ರೊಸೆಸಿಂಗ್ ಕಲಿಸುವವಳು. ರಕ್ತನಾಳ ಗುರುತಿಸುವ ಮೆಷಿನ್‌ಗೆ ಕಲಿಸಲು ಕಂಪ್ಯೂಟರ್‌ನಲ್ಲಿ ತಯಾರಿಸುವ ಕೃತಕ ಚಿತ್ರಗಳ ಬಗ್ಗೆ ಇವತ್ತು ಮಾತಾಡುತ್ತೇನೆ. ಆ ಚಿತ್ರಗಳು ನಿಜದ ಹಾಗೆ ಇವೆ ಎಂದು ಯಾವಾಗ ಹೇಳಬಹುದು? ನನ್ನ ಉತ್ತರ ಈಗಲೇ ಹೇಳಿಬಿಡುತ್ತೇನೆ. ಚಿತ್ರ ಚೆನ್ನಾಗಿ ಕಂಡರೆ ಸಾಲದು. ನಿಜವಾದ ಕೈ ಎಲ್ಲಿ ಮೆಷಿನ್‌ಗೆ ಕಷ್ಟ ಕೊಡುತ್ತದೋ, ಕೃತಕ ಕೈಯೂ ಅಲ್ಲೇ, ಅಷ್ಟೇ ಕಷ್ಟ ಕೊಡಬೇಕು.

ಮೊದಲು ರಕ್ತನಾಳ ಕಾಣುವುದು ಹೇಗೆ ನೋಡೋಣ.

ಮನೆಯ ಟಿವಿ ರಿಮೋಟ್ ತಗೊಳ್ಳಿ. ಮುಂದಿನ ಚಿಕ್ಕ ಬಲ್ಬನ್ನು ಮೊಬೈಲ್‌ನ ಸೆಲ್ಫಿ ಕ್ಯಾಮೆರಾದಲ್ಲಿ ನೋಡುತ್ತಾ ಬಟನ್ ಒತ್ತಿ. ಎಷ್ಟೋ ಫೋನ್‌ಗಳಲ್ಲಿ ಬೆಳಕು ಮಿನುಗುವುದು ಕಾಣುತ್ತದೆ. ಬರಿಗಣ್ಣಿಗೆ ಕಾಣದು. ಅದು ಇನ್‌ಫ್ರಾರೆಡ್ ಬೆಳಕು. ನಮ್ಮ ಕಣ್ಣು ಸುಮಾರು 400ರಿಂದ 700 ನ್ಯಾನೋಮೀಟರ್‌ವರೆಗಿನ ಅಲೆಯುದ್ದದ ಬೆಳಕನ್ನು ನೋಡುತ್ತದೆ. ಕ್ಯಾಮೆರಾದ ಸಿಲಿಕಾನ್ ಸೆನ್ಸರ್ 1000ದ ಹತ್ತಿರದವರೆಗೂ ನೋಡಬಲ್ಲದು. ಮಾಮೂಲಿ ಕ್ಯಾಮೆರಾದಲ್ಲಿ ಅದನ್ನು ತಡೆಯಲು ಒಂದು ಫಿಲ್ಟರ್ ಹಾಕಿರುತ್ತಾರೆ, ಅಷ್ಟೇ.

700ರಿಂದ 900 ನ್ಯಾನೋಮೀಟರ್ ನಡುವಿನ ಬೆಳಕಿಗೆ ಒಂದು ಗುಣವಿದೆ. ಚರ್ಮ, ಕೊಬ್ಬು, ನೀರು ಅದನ್ನು ಹೆಚ್ಚು ನುಂಗುವುದಿಲ್ಲ. ರಕ್ತದ ಹಿಮೋಗ್ಲೋಬಿನ್ ಅವುಗಳಿಗಿಂತ ಜಾಸ್ತಿ ನುಂಗುತ್ತದೆ. ಆಮ್ಲಜನಕ ಬಿಟ್ಟುಕೊಟ್ಟ ಹಿಮೋಗ್ಲೋಬಿನ್ 760ರ ಹತ್ತಿರ ಇನ್ನೂ ಜಾಸ್ತಿ ನುಂಗುತ್ತದೆ. ಹೃದಯದ ಕಡೆ ವಾಪಸ್ ಹೋಗುವ ರಕ್ತನಾಳಗಳು ಚರ್ಮಕ್ಕೆ ಹತ್ತಿರದಲ್ಲೇ ಇರುತ್ತವೆ. ಅವುಗಳ ತುಂಬ ರಕ್ತ. ಹಾಗಾಗಿ ಬೆರಳಿನ ಒಂದು ಬದಿಯಿಂದ ಇನ್‌ಫ್ರಾರೆಡ್ ಬೆಳಕು ಬಿಟ್ಟು ಇನ್ನೊಂದು ಬದಿಯಿಂದ ಫೋಟೋ ತೆಗೆದರೆ, ಬೂದು ಬೆರಳಿನ ಒಳಗೆ ಕಪ್ಪು ಗೆರೆಗಳು ಕಾಣುತ್ತವೆ.

ಇದು ಹಳೆಯ ವಿದ್ಯೆಯೇ. ಜಪಾನಿನ ಬ್ಯಾಂಕುಗಳು 2004ರ ಹೊತ್ತಿಗೆ ಇದನ್ನು ಬಳಸತೊಡಗಿದ್ದವು. ಫುಜಿತ್ಸು ಕಂಪನಿ ಅಂಗೈಯ ರಕ್ತನಾಳ ಓದುವ ಯಂತ್ರ ಮಾಡಿತು, ಹಿಟಾಚಿ ಬೆರಳಿನದ್ದು. ಹಿಟಾಚಿಯ ನವೋತೋ ಮಿಯುರಾ ಮತ್ತು ಸಂಗಡಿಗರು 2004ರಲ್ಲಿ ಕೊಟ್ಟ ಗೆರೆ ಹುಡುಕುವ ವಿಧಾನವನ್ನು ಇವತ್ತಿಗೂ ಹೊಸ ವಿಧಾನಗಳ ಪಕ್ಕ ಇಟ್ಟು ಹೋಲಿಸುತ್ತಾರೆ.

ಹಾಗಿದ್ದರೆ ತೊಂದರೆ ಎಲ್ಲಿ? ಚಿತ್ರಗಳ ಬರ. ಮುಖದ ಫೋಟೋ ಅಂತರ್ಜಾಲದಲ್ಲಿ ಕೋಟಿಗಟ್ಟಲೆ ಇವೆ. ರಕ್ತನಾಳದ ಫೋಟೋವನ್ನು ಯಾರೂ ಸುಮ್ನೆ ತೆಗೆದು ಹಾಕುವುದಿಲ್ಲ. ಅದಕ್ಕೆ ಬೇರೆಯೇ ಕ್ಯಾಮೆರಾ ಬೇಕು, ಒಬ್ಬೊಬ್ಬರನ್ನೇ ಕೂರಿಸಿ ತೆಗೆಯಬೇಕು, ಒಪ್ಪಿಗೆ ಬೇಕು. ಸಂಶೋಧಕರು ಹೆಚ್ಚು ಬಳಸುವ ಸಂಗ್ರಹಗಳನ್ನು ನೋಡಿ. ಚೀನಾದ ಶಾನ್‌ಡಾಂಗ್ ವಿಶ್ವವಿದ್ಯಾಲಯದ್ದರಲ್ಲಿ 106 ಜನ. ಎರಡೂ ಕೈಯ ಮೂರು ಮೂರು ಬೆರಳು, ಒಂದೊಂದು ಬೆರಳಿಗೆ 6 ಸಲ, ಒಟ್ಟು 3,816 ಚಿತ್ರ. ನೆದರ್‌ಲೆಂಡ್ಸ್‌ನ ಟ್ವೆಂಟೆ ವಿಶ್ವವಿದ್ಯಾಲಯದ್ದರಲ್ಲಿ 60 ಜನ, 1,440 ಚಿತ್ರ. ಹಾಂಗ್‌ಕಾಂಗ್ ಪಾಲಿಟೆಕ್ನಿಕ್‌ನದ್ದರಲ್ಲಿ 156 ಜನ.

ಇಷ್ಟು ಸಾಕಾಗುವುದಿಲ್ಲವೇ? ಲೆಕ್ಕ ಹಾಕಿ ನೋಡೋಣ. ನಮ್ಮ ಮೆಷಿನ್ ಹತ್ತು ಲಕ್ಷಕ್ಕೆ ಒಂದು ಸಲ ಮಾತ್ರ ಒಬ್ಬರನ್ನು ಇನ್ನೊಬ್ಬರೆಂದು ತಪ್ಪು ತಿಳಿಯುತ್ತದೆ ಎಂದು ಹೇಳಬೇಕಾದರೆ, 95 ಶೇಕಡ ಭರವಸೆಯಲ್ಲಿ ಹೇಳಲು, ಸುಮಾರು 30 ಲಕ್ಷ ಬೇರೆ ಬೇರೆ ಹೋಲಿಕೆಯಲ್ಲಿ ಒಂದೂ ತಪ್ಪು ಆಗಬಾರದು. ಶಾನ್‌ಡಾಂಗ್ ಸಂಗ್ರಹದಲ್ಲಿ 636 ಬೆರಳು. ಜೋಡಿ ಜೋಡಿಯಾಗಿ ಹೋಲಿಸಿದರೆ 2,01,930 ಜೋಡಿ. ಮೂವತ್ತು ಲಕ್ಷದ ಹತ್ತಿರಕ್ಕೂ ಬರುವುದಿಲ್ಲ. ಅದೂ ಅಲ್ಲದೆ ಅವೇ 636 ಬೆರಳು ಎಲ್ಲ ಜೋಡಿಗಳಲ್ಲೂ ಮತ್ತೆ ಮತ್ತೆ ಬರುತ್ತವೆ.

ಇನ್ನೊಂದು ಕಾರಣ ನನಗೆ ಲೆಕ್ಕಕ್ಕಿಂತ ದೊಡ್ಡದು. ಪಾಸ್‌ವರ್ಡ್ ಸೋರಿದರೆ ಬದಲಾಯಿಸಬಹುದು. ಕೈ ಬದಲಾಯಿಸಲು ಆಗುವುದಿಲ್ಲ. ನಮ್ಮ ಕರ್ನಾಟಕದ ಹೈಕೋರ್ಟಿನಲ್ಲಿ ನ್ಯಾಯಮೂರ್ತಿಯಾಗಿದ್ದ ಕೆ.ಎಸ್. ಪುಟ್ಟಸ್ವಾಮಿಯವರು ಹಾಕಿದ ಅರ್ಜಿಯಲ್ಲೇ ಅಲ್ವಾ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟು ಖಾಸಗಿತನ ಮೂಲಭೂತ ಹಕ್ಕು ಎಂದು ಹೇಳಿದ್ದು. 2023ರಲ್ಲಿ ವೈಯಕ್ತಿಕ ಡಿಜಿಟಲ್ ಮಾಹಿತಿಯ ರಕ್ಷಣೆಗೆಂದೇ ಕಾಯ್ದೆ ಬಂತು. ಯಾರದ್ದೋ ಸಂಶೋಧನೆಗೆ ಅಂತ ತೋಟದ ಕೆಲಸಗಾರರ ಲೈನ್ ಮನೆಯ ಜನರ ಕೈಯನ್ನೆಲ್ಲ ಸಾಲಾಗಿ ಸ್ಕ್ಯಾನ್ ಮಾಡಿ ಹಾರ್ಡ್ ಡಿಸ್ಕಿನಲ್ಲಿ ತುಂಬಿಕೊಂಡು ಹೋಗುವುದು ಸರಿಯಲ್ಲ. ಯಾರದ್ದೂ ಅಲ್ಲದ ಕೈಯ ಚಿತ್ರ ಸಿಗುವುದಾದರೆ ಅದರಿಂದ ಕಲಿಸುವುದು ವಾಸಿ.

ಬೆರಳಚ್ಚಿನಲ್ಲಿ ಈ ಕೆಲಸ ಬೇಗ ಆಯಿತು. ಇಟಲಿಯ ಬೊಲೋನ್ಯಾ ವಿಶ್ವವಿದ್ಯಾಲಯದವರು ಕೃತಕ ಬೆರಳಚ್ಚು ತಯಾರಿಸುವ ಪ್ರೋಗ್ರಾಂ ಬರೆದರು. 2000, 2002, 2004ರ ಅಂತರರಾಷ್ಟ್ರೀಯ ಬೆರಳಚ್ಚು ಸ್ಪರ್ಧೆಗಳಲ್ಲಿ ನಾಲ್ಕು ಸಂಗ್ರಹಗಳ ಪೈಕಿ ಒಂದು ಆ ಕೃತಕ ಬೆರಳಚ್ಚುಗಳದ್ದೇ ಆಗಿತ್ತು. ಬೆರಳಿನ ರಕ್ತನಾಳಕ್ಕೆ 2014ರಲ್ಲಿ ಹಿಲ್ಲರ್‌ಸ್ಟ್ರಮ್, ಅಜಯ್ ಕುಮಾರ್, ವೆಲ್ಡ್‌ಹೌಸ್ ಎಂಬ ಮೂವರು 5,000 ಕಾಲ್ಪನಿಕ ವ್ಯಕ್ತಿಗಳ 50,000 ಚಿತ್ರ ತಯಾರಿಸಿದರು. ಐದು ಸಾವಿರ ಬೆರಳೆಂದರೆ ಜೋಡಿಗಳ ಲೆಕ್ಕ 1 ಕೋಟಿ 24 ಲಕ್ಷ ದಾಟುತ್ತದೆ. ಲೆಕ್ಕ ತುಂಬಿತು. ಆದರೆ ಆ ಜೋಡಿಗಳಿಂದ ಬರುವ ಉತ್ತರವನ್ನು ನಂಬಬೇಕಾದರೆ ಚಿತ್ರ ನಿಜದ ಹತ್ತಿರ ಇರಬೇಕು. ಇವತ್ತಿನ ಮಾತಿನ ತಿರುಳು ಇಲ್ಲಿಂದ ಶುರು.

ಒಂದು ಚಿತ್ರವನ್ನು ಹತ್ತಿರದಿಂದ ನೋಡೋಣ. ಬೆರಳಿನ ಚಿತ್ರ, ಅಗಲ 320 ಚುಕ್ಕಿ, ಎತ್ತರ 240 ಚುಕ್ಕಿ. ಒಂದೊಂದು ಚುಕ್ಕಿಗೆ ಒಂದು ಸಂಖ್ಯೆ, ಪೂರ್ತಿ ಕಪ್ಪಿಗೆ 0, ಪೂರ್ತಿ ಬಿಳಿಗೆ 255. ಒಂದು ರಕ್ತನಾಳವನ್ನು ಅಡ್ಡ ದಾಟುವಂತೆ ಸಾಲಾಗಿ ಒಂಬತ್ತು ಚುಕ್ಕಿ ಓದಿದರೆ ಸುಮಾರು ಹೀಗಿರುತ್ತದೆ: 120, 118, 110, 97, 90, 96, 109, 117, 121. ನಿಧಾನಕ್ಕೆ ಇಳಿದು, ತಳ ಮುಟ್ಟಿ, ನಿಧಾನಕ್ಕೆ ಏರುತ್ತದೆ. ಈಗ ಅವಸರದಲ್ಲಿ ಬರೆದ ಪ್ರೋಗ್ರಾಂ ಮಾಡಿದ ಚಿತ್ರದಲ್ಲಿ ಅದೇ ಜಾಗ ಓದಿ: 120, 120, 120, 60, 60, 60, 120, 120, 120. ಅಂಚು ಚಾಕುವಿನಲ್ಲಿ ಕುಯ್ದ ಹಾಗಿದೆ. ದೂರದಿಂದ ಪರದೆಯ ಮೇಲೆ ಎರಡೂ ಒಂದೇ ಥರ ಕಾಣಬಹುದು. ಮೆಷಿನ್ ಓದುವುದು ಸಂಖ್ಯೆಯನ್ನು. ಎರಡನೆಯದರಿಂದ ಕಲಿತ ಮೆಷಿನ್ ಕಡಿದಾದ ಅಂಚನ್ನು ಹುಡುಕಲು ಕಲಿಯುತ್ತದೆ. ನಿಜವಾದ ಬೆರಳು ಬಂದಾಗ ಅಂಥ ಅಂಚು ಎಲ್ಲೂ ಸಿಗುವುದಿಲ್ಲ.

ನಿಜದ ಚಿತ್ರದಲ್ಲಿ ಅಂಚು ಮಸುಕಾಗುವುದೇಕೆ? ಮಳೆಗಾಲದಲ್ಲಿ ಮಡಿಕೇರಿ ಘಾಟಿಯ ಮಂಜಿನಲ್ಲಿ ಎದುರು ಬರುವ ಜೀಪಿನ ದೀಪ ನೆನಪಿಸಿಕೊಳ್ಳಿ. ದೂರದಲ್ಲಿದ್ದಾಗ ದೊಡ್ಡ ಮಸುಕು ಉಂಡೆ, ಹತ್ತಿರ ಬಂದಂತೆ ಎರಡು ದೀಪ ಬೇರೆ ಬೇರೆ ಕಾಣುತ್ತವೆ. ಚರ್ಮದೊಳಗೂ ಬೆಳಕು ಹಾಗೆ ಚದುರುತ್ತದೆ. ರಕ್ತನಾಳ ಆಳಕ್ಕೆ ಹೋದಷ್ಟೂ ಅದರ ಗೆರೆ ಅಗಲವಾಗಿ, ತಿಳಿಯಾಗಿ ಕಾಣುತ್ತದೆ. ಹಾಗಾಗಿ ಇಡೀ ಚಿತ್ರಕ್ಕೆ ಒಂದೇ ಸಮ ಮಸುಕು ಬಳಿದರೆ ಆಗುವುದಿಲ್ಲ. ಒಂದೇ ನಾಳ ಮೇಲೆ ಬಂದ ಕಡೆ ಚೂಪಾಗಿ, ಒಳಗೆ ಇಳಿದ ಕಡೆ ಮಸುಕಾಗಿ ಕಾಣಬೇಕು. ಅದಕ್ಕೆ ಪ್ರತಿ ನಾಳಕ್ಕೂ ಎಷ್ಟು ಆಳದಲ್ಲಿದೆ ಎಂಬ ಲೆಕ್ಕ ಇಟ್ಟುಕೊಳ್ಳಬೇಕು. ಬೆಳಕಿನ ಕಣಗಳು ಚರ್ಮದೊಳಗೆ ಹೇಗೆಲ್ಲ ತಿರುಗಿ ಹೋಗುತ್ತವೆ ಎಂದು ಒಂದೊಂದನ್ನೇ ಹಿಂಬಾಲಿಸುವ ಮಾಂಟೆ ಕಾರ್ಲೋ ಲೆಕ್ಕಾಚಾರ ಇದಕ್ಕೆ ಬಹಳ ಸಹಾಯ ಮಾಡುತ್ತದೆ. ತುಂಬ ಸಮಯ ಹಿಡಿಯುತ್ತದೆ, ಆದರೆ ಒಮ್ಮೆ ಮಾಡಿ ಯಾವ ಆಳಕ್ಕೆ ಎಷ್ಟು ಮಸುಕು ಎಂಬ ಪಟ್ಟಿ ಇಟ್ಟುಕೊಂಡರೆ ಮುಂದೆ ಅದನ್ನೇ ಬಳಸಬಹುದು.

ನಾಳಗಳ ವಿನ್ಯಾಸಕ್ಕೂ ನಿಯಮಗಳಿವೆ. 1926ರಲ್ಲಿ ಸೆಸಿಲ್ ಮರ್ರೆ ಎಂಬ ವಿಜ್ಞಾನಿ ಒಂದು ಲೆಕ್ಕ ಕೊಟ್ಟರು. ದೊಡ್ಡ ನಾಳದ ತ್ರಿಜ್ಯದ ಘನವು, ಅದಕ್ಕೆ ಸೇರುವ ಚಿಕ್ಕ ನಾಳಗಳ ತ್ರಿಜ್ಯದ ಘನಗಳ ಮೊತ್ತಕ್ಕೆ ಸಮ. ರಕ್ತ ಹರಿಸಲು ದೇಹ ಕಡಿಮೆ ಶ್ರಮ ಪಡಬೇಕೆಂದರೆ ಹೀಗಿರಬೇಕು ಎಂದು ಅವರು ತೋರಿಸಿದರು. ಎರಡು ಮಿಲಿಮೀಟರ್ ದಪ್ಪದ ನಾಳಕ್ಕೆ ಸಮನಾದ ಎರಡು ನಾಳ ಬಂದು ಸೇರುತ್ತವೆ ಅಂದರೆ, ಒಂದೊಂದೂ ಸುಮಾರು 1.6 ಮಿಲಿಮೀಟರ್ ಇರುತ್ತದೆ. ಅರ್ಧ ಮಾಡಿ ಒಂದು ಮಿಲಿಮೀಟರ್ ಅಂತ ಬರೆದರೆ ಚಿತ್ರ ಕೆಡುತ್ತದೆ. ದೇಹ ಈ ನಿಯಮವನ್ನು ಅಕ್ಷರಶಃ ಪಾಲಿಸುವುದಿಲ್ಲ, ಸುಮಾರಾಗಿ ಪಾಲಿಸುತ್ತದೆ. ಹಾಗಾಗಿ ಸ್ವಲ್ಪ ಆಚೀಚೆ ಬಿಡಬೇಕು.

ಇನ್ನೊಂದು. ವಿದ್ಯಾರ್ಥಿಗಳು ಈ ಪ್ರೋಗ್ರಾಂ ಬರೆಯುವಾಗ ನಾಳಗಳನ್ನು ಬರೀ ಕವಲೊಡೆಯುವ ಹಾಗೆ ಬರೆಯುತ್ತಾರೆ. ನಿಮ್ಮ ಮುಂಗೈ ನೋಡಿಕೊಳ್ಳಿ. ನಾಳಗಳು ಕವಲಾಗಿ ಮುಂದೆ ಹೋಗಿ ಮತ್ತೆ ಕೂಡಿಕೊಂಡು ಬಲೆಯ ಕಣ್ಣಿನ ಹಾಗೆ ಸುತ್ತು ಮಾಡಿರುತ್ತವೆ. ಆ ಸುತ್ತುಗಳು ಇಲ್ಲದಿದ್ದರೆ ವೈದ್ಯರಿಗೆ ತಕ್ಷಣ ಗೊತ್ತಾಗುತ್ತದೆ, ಇದು ಯಾರ ಕೈಯೂ ಅಲ್ಲ ಅಂತ.

ಆಮೇಲೆ ಕ್ಯಾಮೆರಾದ ಪಾಲು. ಬೆಳಕು ಒಂದು ಕಡೆ ಜಾಸ್ತಿ, ಒಂದು ಕಡೆ ಕಡಿಮೆ. ಬೆರಳ ಗಿಣ್ಣಿನ ಹತ್ತಿರ ಬೆಳಕು ಸುಲಭವಾಗಿ ದಾಟುವುದರಿಂದ ಅಲ್ಲಿ ಚಿತ್ರ ಬೆಳ್ಳಗಾಗುತ್ತದೆ. ಸೆನ್ಸರ್‌ನ ಕಾಳು ಕಾಳಾದ ಗದ್ದಲ, ಅಂದರೆ ಚುಕ್ಕಿಗಳ ಸಂಖ್ಯೆಯಲ್ಲಿ ಗೊತ್ತುಗುರಿಯಿಲ್ಲದ ಏರಿಳಿತ, ಬೇರೆ. ಇವನ್ನು ಸೇರಿಸುವುದು ಕಷ್ಟವಲ್ಲ, ಹೆಚ್ಚು ಹೇಳುವುದಿಲ್ಲ.

ಹೀಗೆ ಒಂದೊಂದೇ ನಿಯಮ ಬರೆದು ಕಟ್ಟುವುದು ಒಂದು ದಾರಿ. ಇನ್ನೊಂದು ದಾರಿಯಲ್ಲಿ ಕಂಪ್ಯೂಟರೇ ನಿಜದ ಚಿತ್ರ ನೋಡಿ ಕಲಿಯುತ್ತದೆ. 2014ರಲ್ಲಿ ಇಯಾನ್ ಗುಡ್‌ಫೆಲೋ ಮತ್ತು ಸಂಗಡಿಗರು ಗ್ಯಾನ್ ಎಂಬ ವಿಧಾನ ಕೊಟ್ಟರು. ಎರಡು ನೆಟ್‌ವರ್ಕ್, ಅಂದರೆ ಉದಾಹರಣೆ ನೋಡಿ ಕಲಿಯುವ ಎರಡು ಪ್ರೋಗ್ರಾಂ, ಇರುತ್ತವೆ. ಒಂದು ಚಿತ್ರ ಮಾಡುತ್ತದೆ. ಇನ್ನೊಂದು ಅದು ನಿಜವೋ ಕೃತಕವೋ ಎಂದು ಹೇಳುತ್ತದೆ. ಎರಡೂ ಒಂದನ್ನೊಂದು ಸೋಲಿಸಲು ನೋಡುತ್ತಾ ಎರಡೂ ಚುರುಕಾಗುತ್ತವೆ. 2020ರ ನಂತರ ಡಿಫ್ಯೂಷನ್ ಎಂಬ ವಿಧಾನ ಜೋರಾಗಿದೆ. ಪೂರ್ತಿ ಗದ್ದಲದಿಂದ ಶುರು ಮಾಡಿ ಹಂತ ಹಂತವಾಗಿ ಗದ್ದಲ ತೆಗೆಯುತ್ತಾ ಚಿತ್ರ ಬರಿಸುವುದು. ಎರಡರಿಂದಲೂ ಬಹಳ ನಯವಾದ ಚಿತ್ರ ಬರುತ್ತದೆ.

ನಯವಾಗಿರುವುದರಲ್ಲೇ ಅಪಾಯವೂ ಇದೆ. ನಿಯಮದಿಂದ ಕಟ್ಟಿದ ಒರಟು ಚಿತ್ರವನ್ನು ಗ್ಯಾನ್‌ಗೆ ಕೊಟ್ಟು, ಇದನ್ನು ನಿಜದ ಹಾಗೆ ಮಾಡು ಎಂದರೆ ಅದು ಮಾಡುತ್ತದೆ. ಮಾಡುವಾಗ ಇಲ್ಲದ ಒಂದು ನಾಳ ಸೇರಿಸಬಹುದು, ಇದ್ದ ಒಂದನ್ನು ಅಳಿಸಬಹುದು. ನಮಗೆ ಬೇಕಾದ್ದು ಒಂದೇ ಕಾಲ್ಪನಿಕ ವ್ಯಕ್ತಿಯ ಹತ್ತು ಚಿತ್ರ. ಹತ್ತರಲ್ಲೂ ನಾಳದ ನಕ್ಷೆ ಅದೇ ಇರಬೇಕು, ಬೆಳಕು, ತಿರುವು, ಒತ್ತಡ ಮಾತ್ರ ಬೇರೆ ಇರಬೇಕು. ಹತ್ತು ಸಲವೂ ನಾಳ ಬದಲಾದರೆ ಅವು ಹತ್ತು ಬೇರೆ ಬೇರೆ ಜನರಾಗುತ್ತಾರೆ. ಹಾಗಾಗಿ ನೆಟ್‌ವರ್ಕ್‌ಗೆ ಒಂದು ಕಟ್ಟುಪಾಡು ಹಾಕಬೇಕು. 2017ರಲ್ಲಿ ಆ್ಯಪಲ್ ಕಂಪನಿಯ ಸಂಶೋಧಕರು ಕಣ್ಣಿನ ಚಿತ್ರಗಳಲ್ಲಿ ಇದನ್ನೇ ಮಾಡಿ ತೋರಿಸಿದರು. ಕಂಪ್ಯೂಟರ್ ಬರೆದ ಕಣ್ಣನ್ನು ನಿಜದಂತೆ ತಿದ್ದುವಾಗ, ಮೂಲ ಚಿತ್ರದಿಂದ ಜಾಸ್ತಿ ದೂರ ಹೋದರೆ ದಂಡ ಎಂದು ಲೆಕ್ಕದಲ್ಲೇ ಬರೆದರು. ಕಣ್ಣು ನೋಡುವ ದಿಕ್ಕು ಹಾಗೇ ಉಳಿಯಿತು, ಚರ್ಮ, ರೆಪ್ಪೆ, ಬೆಳಕು ನಿಜದಂತಾದವು. ನಮ್ಮ ಕೆಲಸಕ್ಕೆ ಈ ದಾರಿ ಸರಿ ಅಂತ ನನ್ನ ಅಭಿಪ್ರಾಯ. ನಕ್ಷೆಯನ್ನು ನಿಯಮದಿಂದ ಕಟ್ಟಿ, ಮೇಲಿನ ಚರ್ಮ ಮತ್ತು ಬೆಳಕನ್ನು ಮಾತ್ರ ನೆಟ್‌ವರ್ಕ್‌ಗೆ ಬಿಡಬೇಕು.

ಕಲಿಯಲು ಕೊಟ್ಟ ಚಿತ್ರ ಕಡಿಮೆ ಇದ್ದರೆ ನೆಟ್‌ವರ್ಕ್ ಅವನ್ನೇ ಬಾಯಿಪಾಠ ಮಾಡಿ ವಾಪಸ್ ಕೊಡುವುದೂ ಉಂಟು. ಆಗ ಯಾರದ್ದೂ ಅಲ್ಲ ಎಂದುಕೊಂಡ ಕೈ ಯಾರದ್ದೋ ನಿಜವಾದ ಕೈಯಾಗಿರುತ್ತದೆ. ಆದ್ದರಿಂದ ಮಾಡಿದ ಪ್ರತಿ ಚಿತ್ರವನ್ನೂ ಕಲಿಸಲು ಬಳಸಿದ ಎಲ್ಲ ಚಿತ್ರಗಳ ಜೊತೆ ಹೋಲಿಸಿ, ತೀರಾ ಹತ್ತಿರ ಬಂದದ್ದನ್ನು ಎಸೆಯಬೇಕು. ಇದನ್ನು ಮಾಡದೆ ಕೃತಕ ಸಂಗ್ರಹ ಎಂದು ಹಂಚುವುದು ತಪ್ಪು.

ಈಗ ಅಳತೆಯ ವಿಷಯ. ಕೃತಕ ಚಿತ್ರ ಎಷ್ಟು ಚೆನ್ನಾಗಿದೆ ಎಂದು ಹೇಳಲು ಎಫ್‌ಐಡಿ ಎಂಬ ಅಂಕ 2017ರಿಂದ ಬಳಕೆಯಲ್ಲಿದೆ. ಕಡಿಮೆ ಬಂದಷ್ಟೂ ಒಳ್ಳೆಯದು. ಆದರೆ ಆ ಅಂಕ ಕೊಡುವ ನೆಟ್‌ವರ್ಕ್ ಕಲಿತದ್ದು ನಾಯಿ, ಬೆಕ್ಕು, ಕಾರು, ಹೂವಿನ ಬಣ್ಣದ ಫೋಟೋಗಳಿಂದ. ಬೂದು ಬೆರಳೊಳಗಿನ ಮಸುಕು ಗೆರೆಯನ್ನು ಅದು ಎಂದೂ ನೋಡಿಲ್ಲ. ಅದರ ತೀರ್ಪನ್ನು ಮಾತ್ರ ನಂಬಿ ಕೂರಬಾರದು.

ನಾನು ವಿದ್ಯಾರ್ಥಿಗಳಿಗೆ ಹೇಳುವುದು, ಮೊದಲು ಅಂಕಗಳ ಹರವು ನೋಡಿ ಅಂತ. ಒಂದೇ ಬೆರಳಿನ ಎರಡು ನಿಜ ಚಿತ್ರ ಹೋಲಿಸಿದರೆ ಮೆಷಿನ್ ಒಂದು ಅಂಕ ಕೊಡುತ್ತದೆ. ಬೇರೆ ಬೇರೆ ಬೆರಳಿನದ್ದಕ್ಕೆ ಇನ್ನೊಂದು ಅಂಕ. ಸಾವಿರಾರು ಸಲ ಮಾಡಿ ಗ್ರಾಫ್ ಹಾಕಿದರೆ ಎರಡು ಗುಡ್ಡ ಬರುತ್ತವೆ, ನಡುವೆ ಸ್ವಲ್ಪ ಒಂದರ ಮೇಲೊಂದು ಹತ್ತಿರುತ್ತವೆ. ಅದೇ ಮೆಷಿನ್‌ಗೆ ಕೃತಕ ಚಿತ್ರ ಕೊಟ್ಟು ಗ್ರಾಫ್ ಹಾಕಿ. ಎರಡು ಗುಡ್ಡ ದೂರ ದೂರ ನಿಂತು ನಡುವೆ ಖಾಲಿ ಇದ್ದರೆ ಖುಷಿ ಪಡಬೇಡಿ. ನಿಮ್ಮ ಕೃತಕ ಜನ ತುಂಬ ಸುಲಭದ ಜನ ಎಂದು ಅರ್ಥ. ಆ ಬೆರಳುಗಳು ಒಂದೇ ರೀತಿ ನೇರವಾಗಿ, ಒಂದೇ ಒತ್ತಡದಲ್ಲಿ ಕೂತಿವೆ. ನಿಜವಾದ ಜನ ಬೆರಳು ಹೊರಳಿಸಿ ಇಡುತ್ತಾರೆ, ಜೋರಾಗಿ ಒತ್ತುತ್ತಾರೆ. ಒತ್ತಿದರೆ ರಕ್ತ ಸರಿದು ನಾಳ ಮಾಯವಾಗುತ್ತದೆ. ನಿಮ್ಮ ತೋರುಬೆರಳನ್ನು ಮೇಜಿಗೆ ಒತ್ತಿ ನೋಡಿ, ಉಗುರಿನ ಅಂಚು ಬಿಳಿಚುತ್ತದೆ ಅಲ್ವಾ? ಅದೇ.

ಎರಡನೆಯದು, ಕೃತಕ ಚಿತ್ರದಿಂದ ಕಲಿಸಿ ನಿಜದ ಚಿತ್ರದ ಮೇಲೆ ಪರೀಕ್ಷೆ ಮಾಡುವುದು. ಇದರಲ್ಲಿ ಸುಳ್ಳು ನಿಲ್ಲುವುದಿಲ್ಲ. ಚಿತ್ರದ ಫೂರಿಯೆ ರೂಪವನ್ನೂ, ಅಂದರೆ ಚಿತ್ರದಲ್ಲಿ ಯಾವ ವಿನ್ಯಾಸ ಎಷ್ಟು ಒತ್ತೊತ್ತಾಗಿ ಮರುಕಳಿಸುತ್ತದೆ ಎಂಬ ಲೆಕ್ಕವನ್ನೂ, ನೋಡಬೇಕು. ಗ್ಯಾನ್‌ಗಳು ಚಿಕ್ಕ ಚಿತ್ರವನ್ನು ದೊಡ್ಡದು ಮಾಡುವಾಗ ಚದುರಂಗದ ಮನೆಗಳಂಥ ಗುರುತು ಬಿಡುತ್ತವೆ. ಕಣ್ಣಿಗೆ ಬೀಳದಿದ್ದರೂ ಅಲ್ಲಿ ಹಿಡಿಯಬಹುದು.

ಇಷ್ಟು ಹೇಳಿದ ಮೇಲೆ ನಮ್ಮ ಊರಿಗೆ ಬರುತ್ತೇನೆ, ಯಾಕೆಂದರೆ ನನಗೆ ಈ ವಿಷಯ ಮುಖ್ಯವಾಗಿರುವುದೇ ಇದರಿಂದ.

ಆ ಸಂಗ್ರಹಗಳಲ್ಲಿರುವ ಕೈಗಳನ್ನು ಹೆಚ್ಚಾಗಿ ವಿಶ್ವವಿದ್ಯಾಲಯಗಳ ಲ್ಯಾಬಿನಲ್ಲಿ ಸೆರೆಹಿಡಿದದ್ದು. ಬೆಚ್ಚಗಿನ ಕೋಣೆ, ತೊಳೆದ ಕೈ, ಕುರ್ಚಿ. ಮಡಿಕೇರಿ ಸಮುದ್ರಮಟ್ಟದಿಂದ ಸಾವಿರ ಮೀಟರಿಗಿಂತ ಎತ್ತರದಲ್ಲಿದೆ. ಡಿಸೆಂಬರ್ ಬೆಳಿಗ್ಗೆ ಇಬ್ಬನಿ ಮೆತ್ತಿದ ಗಿಡ ಮುಟ್ಟಿದ ಕೈ ಹೇಗಿರುತ್ತದೆ ಎಂದು ನಿಮಗೇ ಗೊತ್ತು. ಚಳಿಗೆ ದೇಹ ಮೇಲಿನ ನಾಳಗಳನ್ನು ಕಿರಿದು ಮಾಡಿ ಶಾಖ ಉಳಿಸಿಕೊಳ್ಳುತ್ತದೆ. ಆಸ್ಪತ್ರೆಯಲ್ಲಿ ಸಿಸ್ಟರ್ ಡ್ರಿಪ್ ಹಾಕಲು ನರ ಸಿಗುತ್ತಿಲ್ಲ ಅಂತ ಕೈ ಉಜ್ಜುತ್ತಾರಲ್ಲ, ಅದೇ ತೊಂದರೆ ಕ್ಯಾಮೆರಾಗೂ ಆಗುತ್ತದೆ. ಗಟ್ಟಿಯಾದ ಅಂಗೈಯ ಚರ್ಮದಲ್ಲಿ ಬೆಳಕು ಇನ್ನಷ್ಟು ಚದುರುತ್ತದೆ. ದಪ್ಪ ಬೆರಳಿನಲ್ಲಿ ಬೆಳಕು ದಾಟುವುದೇ ಕಡಿಮೆ.

ಕೃತಕ ಚಿತ್ರದಲ್ಲಿ ಚಳಿಯ ಕೈ ಬೇಕು ಎಂದಾಗ ಎಷ್ಟೋ ಜನ ಮಾಡುವುದು ಏನು? ಸಿದ್ಧವಾದ ಚಿತ್ರವನ್ನು ತಗೊಂಡು ಸ್ವಲ್ಪ ಮಂಕು ಮಾಡುತ್ತಾರೆ. ಅದು ಚಳಿಯ ಕೈ ಆಗುವುದಿಲ್ಲ, ಬೆಳಕು ಕಡಿಮೆಯಾದ ಬೆಚ್ಚಗಿನ ಕೈ ಆಗುತ್ತದೆ. ಚಳಿಯಲ್ಲಿ ನಾಳವೇ ಕಿರಿದಾಗುತ್ತದೆ. ಸಣ್ಣ ನಾಳಗಳು ಮೊದಲು ಕಾಣೆಯಾಗುತ್ತವೆ. ಅವು ಹೋದರೆ ಅವು ದೊಡ್ಡ ನಾಳವನ್ನು ಕೂಡುವ ಜಾಗಗಳೂ ಹೋಗುತ್ತವೆ. ಎಷ್ಟೋ ವಿಧಾನಗಳು ಗುರುತು ಹಿಡಿಯಲು ನೆಚ್ಚಿಕೊಂಡಿರುವುದು ಆ ಕೂಡುವ ಜಾಗಗಳನ್ನೇ. ಹಾಗಾಗಿ ಬದಲಾವಣೆ ನಕ್ಷೆಯ ಹಂತದಲ್ಲೇ ಆಗಬೇಕು. ಮೊದಲು ನಾಳ ಕಿರಿದು ಮಾಡಿ, ಆಮೇಲೆ ಆಳದ ಮಸುಕು ಹಾಕಿ, ಆಮೇಲೆ ಕ್ಯಾಮೆರಾದ ಗದ್ದಲ ಸೇರಿಸಿ. ಈ ಕ್ರಮ ತಪ್ಪಿದರೆ ಎಷ್ಟು ಲಕ್ಷ ಚಿತ್ರ ಮಾಡಿದರೂ ಪ್ರಯೋಜನವಿಲ್ಲ. ದಡ್ಡುಗಟ್ಟಿದ ಕೈಗೆ ಮೇಲಿನ ಪದರದ ದಪ್ಪ ಹೆಚ್ಚಿಸಿ ಮಸುಕನ್ನು ಮತ್ತೆ ಲೆಕ್ಕ ಹಾಕಬೇಕು.

ಇದನ್ನು ಮಾಡದೆ ಬಿಟ್ಟರೆ ಏನಾಗುತ್ತದೆ? ಮೆಷಿನ್ ಬರುತ್ತದೆ, ಆಫೀಸಿನವರ ಕೈಗೆ ಚೆನ್ನಾಗಿ ಕೆಲಸ ಮಾಡುತ್ತದೆ, ಎರವ, ಪಣಿಯ ಆದಿವಾಸಿಗಳ, ಅಸ್ಸಾಂನಿಂದ ದುಡಿಯಲು ಬಂದವರ ಕೈ ತಗೊಳ್ಳುವುದಿಲ್ಲ. ಬೆರಳಚ್ಚಿನಲ್ಲಿ ಆದದ್ದೇ ಇನ್ನೊಮ್ಮೆ ಆಗುತ್ತದೆ, ಅದೂ ಸವೆಯದ ಗುರುತು ಎಂದು ಹೇಳಿಕೊಂಡ ಮೇಲೆ. ತಯಾರಿಸುವ ಹಂತದಲ್ಲೇ ಈ ಕೈಗಳನ್ನು ಸೇರಿಸುವುದು ನಮ್ಮಂಥವರ ಜವಾಬ್ದಾರಿ ಎಂದು ನಾನು ನಂಬಿದ್ದೇನೆ. ಇಲ್ಲಿನ ಕಾಲೇಜುಗಳಲ್ಲಿ ಓದುತ್ತಿರುವ ಮಕ್ಕಳು ಪ್ರಾಜೆಕ್ಟ್‌ಗೆ ವಿಷಯ ಹುಡುಕುತ್ತಿದ್ದರೆ ಇದನ್ನು ಎತ್ತಿಕೊಳ್ಳಿ. ಚಳಿ ಎಂದರೆ ಏನು ಎಂದು ಪುಸ್ತಕ ನೋಡಿ ತಿಳಿಯಬೇಕಾಗಿಲ್ಲ ನಿಮಗೆ.

ಇನ್ನು ಪ್ರಶ್ನೆಗಳು.

ಒಬ್ಬರು ಅಕ್ಕ ಕೇಳಿದರು: ಸುಳ್ಳು ಚಿತ್ರ ಕೊಟ್ಟು ಮೆಷಿನ್‌ಗೆ ಕಲಿಸಿದರೆ ಮೋಸ ಆಗಲ್ವಾ?

ಒಳ್ಳೆಯ ಪ್ರಶ್ನೆ ಅಕ್ಕ. ಕಲಿಸಲು ಕೃತಕ ಚಿತ್ರ ಬಳಸಬಹುದು. ಇದು ಕೆಲಸಕ್ಕೆ ಬರುತ್ತದೆ ಎಂದು ಜನರಿಗೆ ಹೇಳುವ ಮೊದಲು ನಿಜವಾದ ಕೈಗಳ ಮೇಲೆ, ಒಪ್ಪಿಗೆ ಪಡೆದು, ಪರೀಕ್ಷೆ ಮಾಡಲೇಬೇಕು. ಪರೀಕ್ಷೆಯನ್ನೂ ಕೃತಕದಲ್ಲೇ ಮುಗಿಸಿ ಅಂಕ ಹೇಳಿದರೆ ಅದು ಮೋಸವೇ. ಕೃತಕ ಚಿತ್ರದಿಂದ ಲಾಭ ಏನೆಂದರೆ, ಸಾವಿರಾರು ಜನರ ಕೈ ಕೇಳುವ ಬದಲು ಸ್ವಲ್ಪ ಜನರ ಕೈ ಕೇಳಿದರೆ ಸಾಕಾಗುತ್ತದೆ.

ಒಬ್ಬ ವಿದ್ಯಾರ್ಥಿ ಕೇಳಿದ: ಇಷ್ಟು ನಿಜದಂಥ ಚಿತ್ರ ಮಾಡಿದರೆ ಅದನ್ನೇ ತೋರಿಸಿ ಮೆಷಿನ್‌ಗೆ ಮೋಸ ಮಾಡಬಹುದಲ್ವಾ ಮೇಡಂ?

ಕಾಲ್ಪನಿಕ ಕೈಯ ಚಿತ್ರ ತೋರಿಸಿದರೆ ಸಾಮಾನ್ಯವಾಗಿ ಯಾರ ಖಾತೆಯೂ ತೆರೆಯುವುದಿಲ್ಲ, ಅದು ಯಾರದ್ದೂ ಅಲ್ಲವಲ್ಲ. ಅಪಾಯ ಇರುವುದು ನಿಜವಾದವರ ಚಿತ್ರ ಕದ್ದಾಗ. 2018ರ ಡಿಸೆಂಬರ್‌ನಲ್ಲಿ ಜರ್ಮನಿಯ ಲೀಪ್‌ಜಿಗ್‌ನಲ್ಲಿ ನಡೆದ ಹ್ಯಾಕರ್‌ಗಳ ಸಮಾವೇಶದಲ್ಲಿ ಯಾನ್ ಕ್ರಿಸ್ಲರ್ ಮತ್ತು ಯೂಲಿಯಾನ್ ಆಲ್‌ಬ್ರೆಕ್ಟ್ ಎಂಬಿಬ್ಬರು ಫಿಲ್ಟರ್ ತೆಗೆದ ಕ್ಯಾಮೆರಾದಲ್ಲಿ ಅಂಗೈಯ ಫೋಟೋ ತೆಗೆದು, ಅದನ್ನು ಮೇಣದ ಕೈಯೊಳಗೆ ಇಟ್ಟು ಯಂತ್ರವನ್ನು ಮೋಸಗೊಳಿಸಿ ತೋರಿಸಿದರು. ಒಳಗಿನ ನಾಳ ಕದಿಯಲು ಆಗುವುದೇ ಇಲ್ಲ ಎಂಬ ಮಾತು ಅಲ್ಲಿಗೆ ಮುಗಿಯಿತು. ಹಾಗಾಗಿ ಎದುರಿಗಿರುವುದು ಜೀವಂತ ಕೈಯೇ ಎಂದು ನೋಡುವ ವ್ಯವಸ್ಥೆ ಬೇರೆಯೇ ಬೇಕು. ಅಂಥ ವ್ಯವಸ್ಥೆಗೆ ಕಲಿಸಲೂ ಕೃತಕ ಚಿತ್ರ ಬಳಸುತ್ತಾರೆ.

ಕೊನೆಯ ಪ್ರಶ್ನೆ ಬೆಳೆಗಾರರೊಬ್ಬರದ್ದು: ನಮ್ಮ ತೋಟದಲ್ಲಿ ಹಾಜರಿಗೆ ಇದನ್ನು ಇಡಬಹುದಾ?

ಇಡುವ ಮೊದಲು ಮೂರು ವಿಷಯ ಕೇಳಿ ಸರ್. ಚಿತ್ರ ಎಲ್ಲಿ ಉಳಿಯುತ್ತದೆ, ಆ ಪೆಟ್ಟಿಗೆಯಲ್ಲೇನಾ ಅಥವಾ ಬೆಂಗಳೂರಿನ ಯಾವುದೋ ಸರ್ವರ್‌ನಲ್ಲಾ? ಕೆಲಸ ಬಿಟ್ಟು ಹೋದವರ ಕೈಯ ದಾಖಲೆಯನ್ನು ಅಳಿಸುತ್ತಾರಾ? ಕೈ ತಗೊಳ್ಳದಿದ್ದವರಿಗೆ ಅವತ್ತಿನ ಕೂಲಿ ಹೇಗೆ ಬರೆಯುತ್ತೀರಿ? ಮಾರುವವರು ಕೊಡುವ ಕಾಗದದ ಅಂಕ ನೋಡಿ ತೀರ್ಮಾನ ಮಾಡಬೇಡಿ. ಮಷಿನನ್ನು ಸ್ವಲ್ಪ ದಿನ ತರಿಸಿಕೊಳ್ಳಿ. ಚಳಿಗಾಲದ ಬೆಳಿಗ್ಗೆ ಕೆಲಸ ಶುರುವಾಗುವ ಹೊತ್ತಿಗೆ ಒಮ್ಮೆ, ಸಂಜೆ ಹಣ್ಣು ತೂಕ ಹಾಕುವಾಗ ಒಮ್ಮೆ, ಇಷ್ಟವಿದ್ದವರ ಕೈ ಇಡಿಸಿ ನೋಡಿ. ಯಾರ ಕೈ ಯಾವಾಗ ತಗೊಳ್ಳಲಿಲ್ಲ ಎಂದು ತೋಟದ ಲೆಕ್ಕ ಬರೆಯುವ ರೈಟರ್ ಬರೆದಿಡಲಿ. ಆ ಪಟ್ಟಿಯ ಒಂದು ಪ್ರತಿ, ಹೆಸರು ತೆಗೆದು, ಮೆಷಿನ್ ಮಾಡಿದವರಿಗೆ ಕಳಿಸಿ. ಅವರ ಕೃತಕ ಚಿತ್ರಗಳಲ್ಲಿ ಯಾವ ಕೈ ಬಿಟ್ಟುಹೋಗಿದೆ ಎಂದು ಅದರಿಂದ ಅವರಿಗೆ ಗೊತ್ತಾಗುತ್ತದೆ.